ರೆಂಡರ್ ಆಗ್ತಾ ಇದೆ ಸಾರ್

ಮೈಸೂರಿನ ಮದುವೆ ವಿಡಿಯೋ ಎಡಿಟರಣ್ಣನನ್ನು ಹಗಲು ಹೊತ್ತು ಹುಡುಕಬೇಡಿ. ಮುಹೂರ್ತವಿದ್ದರೆ ಛತ್ರದಲ್ಲಿರುತ್ತಾನೆ, ಇಲ್ಲದಿದ್ದರೆ ಮಲಗಿರುತ್ತಾನೆ. ರಾತ್ರಿ ಹತ್ತರ ಮೇಲೆ ಅಗ್ರಹಾರದ ಯಾವುದೋ ಮಹಡಿ ಮೆಟ್ಟಿಲು ಹತ್ತಿದರೆ ಸಿಗುತ್ತಾನೆ. ಅವನಿಗಿಂತ ಮೊದಲು ಅವನ ಕಂಪ್ಯೂಟರಿನ ಸದ್ದು ಸಿಗುತ್ತದೆ.

ಅದು 2011ರ ಕಾಲದ್ದು. ಎರಡನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೇ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರಿನಲ್ಲಿ ಎಳ್ಳುನೀರು ಬಿಟ್ಟರು. ಇವನು ಇನ್ನೂ 7ರಲ್ಲೇ ಇದ್ದಾನೆ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದ್ದು ಮತ್ತೆ ಹಾಕಿಲ್ಲ. ಟೇಬಲ್ ಫ್ಯಾನಿನ ಗಾಳಿಯೆಲ್ಲ ಅದಕ್ಕೇ. ಎಡಿಟರಣ್ಣ ಬನಿಯನ್ನಿನಲ್ಲಿ ಬೆವರುತ್ತಾನೆ. ಕಳೆದ ಆಯುಧಪೂಜೆಯ ವಿಭೂತಿ, ಕುಂಕುಮ ಅದರ ಹಣೆಯ ಮೇಲೆ ಹಾಗೇ ಇವೆ. ಬೂಟ್ ಆಗದಿದ್ದರೆ ರ‍್ಯಾಮ್ ಕಿತ್ತು, ಮಗಳ ಜಾಮಿಟ್ರಿ ಬಾಕ್ಸಿನ ರಬ್ಬರಿನಿಂದ ಅದರ ಹಳದಿ ಹಲ್ಲುಗಳನ್ನು ಉಜ್ಜಿ, ಊದಿ, ಮತ್ತೆ ಚುಚ್ಚುತ್ತಾನೆ. ಪರದೆ ಬೆಳಗಿತೋ, ಹೆರಿಗೆ ಮಾಡಿಸಿದ ಡಾಕ್ಟರ ಕಳೆ ಮುಖಕ್ಕೆ ಬರುತ್ತದೆ.

"ಹೊಸದು ತಗೋಬಾರದಾ?" ಅಂತ ಯಾರಾದರೂ ಅಂದರೆ ಮುಗಿಯಿತು. "ಸಾರ್, ಸಿಸ್ಟಮ್ ಎಡಿಟ್ ಮಾಡಲ್ಲ, ಕೈ ಮಾಡುತ್ತೆ. ಎಡಿಯಸ್ ಹಾಕಿ ನೋಡಿ, ಕುದುರೆ!"

ಸುಳ್ಳಲ್ಲ. ಎಡಿಯಸ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಅಲ್ಪತೃಪ್ತ, ಮದುವೆ ವಿಡಿಯೋದವರು ಅದನ್ನು ನೆಚ್ಚಿಕೊಂಡಿರುವುದೇ ಅದಕ್ಕೆ. ಫುಲ್ ಎಚ್‌ಡಿ ಶೂಟಿಂಗ್ ಆದರೆ ಈ ಮುದಿ ಯಂತ್ರ ವರಪೂಜೆಯಿಂದ ಹೆಣ್ಣೊಪ್ಪಿಸುವವರೆಗೆ ಎಡವದೆ ಓಡುತ್ತದೆ.

ಸಂಕಟವೆಲ್ಲ ಪ್ರೀ-ವೆಡ್ಡಿಂಗಿನದು. ಅಸಿಸ್ಟೆಂಟ್ ಹುಡುಗ ಲಲಿತಮಹಲ್ ಮುಂದೆ ಹೊಸ ಕ್ಯಾಮೆರಾದಲ್ಲಿ ಫೋರ್ ಕೆ, ಎಚ್.265, 10 ಬಿಟ್ ಅಂತ ತುಂಬಿಕೊಂಡು ಬರುತ್ತಾನೆ. ಪಿಕ್ಸೆಲ್ಲುಗಳೇ ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಇಂಥ ಫೈಲನ್ನು ಬಿಡಿಸುವ ವಿದ್ಯೆಯನ್ನು ಇಂಟೆಲ್ ಚಿಪ್ಪಿನೊಳಗೇ ಕೂರಿಸಿದ್ದು ಏಳನೇ ತಲೆಮಾರಿಗೆ. ಟೈಮ್‌ಲೈನಿನಲ್ಲಿ ವಧು ಎತ್ತಿದ ಕಾಲು ಇಳಿಸುವುದಿಲ್ಲ, ವರ ತೆರೆದ ಬಾಯಿ ಮುಚ್ಚುವುದಿಲ್ಲ.

"ಅಣ್ಣಾ, ಹ್ಯಾಂಗ್ ಆಯ್ತು."

"ಹ್ಯಾಂಗಲ್ಲ ಕಣೋ, ಯೋಚನೆ ಮಾಡ್ತಿದೆ."

ಪರಿಹಾರ ಹುಡುಗನಿಗೆ ಗೊತ್ತು. ಪ್ರಾಕ್ಸಿ ಮಾಡಿಕೊಳ್ಳುವುದು, ಅಂದರೆ ಫೈಲಿನ ಹಗುರ ನಕಲಿನ ಮೇಲೆ ಕತ್ತರಿ ಆಡಿಸಿ, ಕೊನೆಗೆ ಅಸಲಿಯಿಂದ ರೆಂಡರ್ ತೆಗೆಯುವುದು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಇನ್ನಷ್ಟು ಗೋಳು ತಪ್ಪುತ್ತದೆ. ಎಡಿಟರಣ್ಣನಿಗೂ ಇದು ಗೊತ್ತು. ಆದರೆ ಸಿಸ್ಟಮ್ ಚುರುಕಾದರೆ "ರೆಂಡರ್ ಆಗ್ತಾ ಇದೆ" ಅನ್ನುವುದು ಹೇಗೆ? ಇನ್ನೂ ಕಾರ್ಡಿನಿಂದ ಕಾಪಿಯೇ ಆಗದ ಮದುವೆಗೂ ಅವನದು ಅದೇ ಉತ್ತರ.

ಹೆಣ್ಣಿನ ತಾಯಿ ಫೋನ್ ಮಾಡುತ್ತಾರೆ. "ಏನಪ್ಪಾ, ಮಗಳ ಸೀಮಂತ ಬಂತು, ಮದುವೆ ವಿಡಿಯೋ ಬರಲಿಲ್ಲ."

"ಅಮ್ಮಾ, ಸೀಮಂತಾನೂ ನಮಗೇ ಕೊಡಿ. ಎರಡನ್ನೂ ಒಂದೇ ಪೆನ್‌ಡ್ರೈವಲ್ಲಿ ಹಾಕ್ಕೊಡ್ತೀನಿ."

ಮನೆಯಲ್ಲಿ ಮದುವೆ ಇಟ್ಟುಕೊಂಡವರು ಧಾರಾಳವಾಗಿ ಅವನಲ್ಲಿಗೆ ಹೋಗಿ, ಕೆಲಸ ಚೆನ್ನಾಗಿಯೇ ಇರುತ್ತದೆ. ಫೋರ್ ಕೆ ಮಾತ್ರ ಕೇಳಬೇಡಿ, ಪೆನ್‌ಡ್ರೈವ್ ಕೈಗೆ ಬರುವ ತನಕ ಪೂರ್ತಿ ದುಡ್ಡೂ ಕೊಡಬೇಡಿ.