ರಜಾ ಐತಿ, ಕೊಡಾಕ ಆಗೂದಿಲ್ಲ

ನಮ್ಮ ಮೇಟ್ರನ್ ಬಾಯಿಯವರು ನಿಪ್ಪಾಣಿ ಕಡೆಯವರು. ಪುಣೆಗೆ ಬಂದು ಮೂವತ್ತು ವರ್ಷವಾಗಿರಬೇಕು. ಸಿಟ್ಟು, ಲೆಕ್ಕ, ಡಾಕ್ಟರರ ಜತೆ ಜಗಳ ಎಲ್ಲ ಮರಾಠಿಯಲ್ಲಿ. ಕನ್ನಡದ ಹುಡುಗಿ ರಜೆ ಕೇಳಲು ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಾರೆ. “ಬಾ ತಂಗಿ, ಕುಂದ್ರು” ಅಂದರೋ, ರಜೆ ಹೋಯಿತೆಂದೇ ಲೆಕ್ಕ.

ಹೊಸಬರು ಮೋಸ ಹೋಗುವುದು ಇಲ್ಲೇ. ಅಥಣಿ, ಇಂಡಿ, ಜಮಖಂಡಿ ಕಡೆಯಿಂದ ಜಿಎನ್‌ಎಂ ಮುಗಿಸಿ ಬಂದ ಹುಡುಗಿಗೆ ‘ನಮ್ಮವರು’ ಸಿಕ್ಕರೆಂಬ ಸಂಭ್ರಮ. ಬಾಯಿಯವರ ನ್ಯಾಯ ಬೇರೆ: “ನಮ್ಮ ಕಡೇಕಿ ಅಂತ ನಿನಗ ರಜಾ ಕೊಟ್ಟರ ಉಳಿದವರು ಸುಮ್ಮ ಬಿಡ್ತಾರೇನ?” ಹೀಗಾಗಿ ಕೇರಳದ ಸಿಸ್ಟರಿಗೆ ಓಣಂ ಸಿಕ್ಕರೂ ಸಿಕ್ಕೀತು, ಅಥಣಿಯವಳಿಗೆ ಪಂಚಮಿ ಸಿಗುವುದಿಲ್ಲ.

ಕಾಗದದ ಮೇಲೆ ರಜೆಗೇನೂ ಬರವಿಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಂತೆ ವರ್ಷಕ್ಕೆ 8 ಸಿಎಲ್. ಅದೂ ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಜಮಾ. ವರ್ಷದ ಕೊನೆಗೆ ಉಳಿದದ್ದು ಸತ್ತುಹೋಗುತ್ತದೆ. ವರ್ಷಕ್ಕೆ 240 ದಿನ ದುಡಿದವರಿಗೆ 20 ದಿನಕ್ಕೊಂದರಂತೆ ಗಳಿಕೆ ರಜೆ, ಕೂಡಿಡಲು 45ರ ಮಿತಿ. ಇಷ್ಟನ್ನೂ ಬಾಯಿಯವರು ಬಾಯಿಪಾಠ ಒಪ್ಪಿಸಿ ಕೊನೆಗೆ ಹೇಳುವುದು: “ರಜಾ ಐತಿ, ನಾ ಎಲ್ಲಿ ಇಲ್ಲಂದೆ? ಕೊಡಾಕ ಆಗೂದಿಲ್ಲ.”

ಡ್ಯೂಟಿ ಚಾರ್ಟಿನಲ್ಲಿ ಮಾರ್ನಿಂಗ್, ಇವನಿಂಗ್, ನೈಟ್ ಎಲ್ಲ ನೀಲಿ ಪೆನ್ನಿನಲ್ಲಿ; ರಜೆ ಮಾತ್ರ ಪೆನ್ಸಿಲಿನಲ್ಲಿ. ಎಚ್‌ಆರ್‌ನವರು ಮೊಬೈಲ್ ಆ್ಯಪ್ ತಂದಿದ್ದಾರೆ, ನಿಜ. ಅಲ್ಲಿ ಹಸಿರು ಬಣ್ಣದಲ್ಲಿ ಮಂಜೂರು ಅಂತ ಬಂದರೂ ಹುಡುಗಿಯರು ಬಸ್ಸಿನ ಟಿಕೆಟ್ ತೆಗೆಸುವ ಮುನ್ನ ಚಾರ್ಟಿನ ಚೌಕ ಇಣುಕಿ ನೋಡುತ್ತಾರೆ. ಕೆಲವು ಚೌಕಗಳು ರಬ್ಬರಿನ ಉಜ್ಜಿಗೆ ಎಷ್ಟು ತೆಳ್ಳಗಾಗಿವೆಯೆಂದರೆ ಅಡಿಯ ಹಾಳೆಯಲ್ಲಿ ಬರೆದ ಮುಂದಿನ ತಿಂಗಳು ಕಾಣುತ್ತದೆ.

ಸಾವಿಗೂ ಇಲ್ಲ ಅನ್ನುವಷ್ಟು ಕಲ್ಲುಮನಸ್ಸು ಅವರದಲ್ಲ. ಮೊದಲು ತಾವೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನತ್ತ ತಿರುಗಿ, “ಮಣ್ಣಂತೂ ಆಗೇತಿ. ಹದಿಮೂರನೇ ದಿನ ಐತವಾರ ಬರ್ತೈತಿ, ನಿನ್ನ ಆಫೂ ಅವತ್ತ” ಎನ್ನುತ್ತಾರೆ. ಜ್ವರ ಅಂದರೆ, “ದವಾಖಾನಿ ಬಿಟ್ಟು ಮನ್ಯಾಗ ಯಾಕ ಮಲಗ್ತಿ?”

ಮೇ 12ರ ನರ್ಸ್ ದಿನಾಚರಣೆಯಲ್ಲಿ ಅವರ ಭಾಷಣ ಖಾಯಂ: “1897ರ ಪ್ಲೇಗಿನಾಗ ಇದೇ ಪುಣೇದಾಗ ಸಾವಿತ್ರಿಬಾಯಿ ಫುಲೆ ರೋಗಿಗೋಳ ಸೇವಾ ಮಾಡಿ ಜೀವಾನ ಕೊಟ್ರು. ರಜಾ ಕೇಳಿದ್ರೇನು?” ಚಡಚಣದ ಬ್ರದರ್ ಒಬ್ಬ ಒಮ್ಮೆ ಕೇಕ್ ತಿನ್ನುತ್ತಲೇ, “ಅದು ಅವರ ಮಗನ ದವಾಖಾನಿರಿ ಬಾಯಿ, ಮೇಟ್ರನ್ ಇರಲಿಲ್ಲ” ಅಂದುಬಿಟ್ಟ. ಇತಿಹಾಸ ಸರಿಯಾಗಿಯೇ ಇತ್ತು. ಆ ವಾರವಿಡೀ ಅವನಿಗೆ ನೈಟ್.

ಜಿಪುಣಿ ಅನ್ನುವುದು ಸುಲಭ. ಬಿಲ್ಲಿಂಗ್ ಕೌಂಟರಿನಲ್ಲಿ ಕೂತ ನನಗೆ ಒಳಗಿನ ಲೆಕ್ಕವೂ ಒಂದಿಷ್ಟು ಗೊತ್ತು. ವೆಂಟಿಲೇಟರ್ ಮೇಲಿರುವ ರೋಗಿಯ ಪಕ್ಕ ಒಬ್ಬಳು ನರ್ಸ್ ಇರಲೇಬೇಕು. ಒಬ್ಬಳು ಊರಿಗೆ ಹೋದರೆ ಇನ್ನೊಬ್ಬಳಿಗೆ ಡಬಲ್ ಡ್ಯೂಟಿ. ಇಬ್ಬರು ದುಬೈಗೆ ಹಾರಿದರು, ಅವರ ಜಾಗ ತುಂಬಿರಿ ಅಂದರೆ ಆಡಳಿತದವರು ಹೊಸ ಲಾಬಿಗೆ ಗ್ರಾನೈಟ್ ಹಾಸಿದರು. ಇಲ್ಲ ಅನ್ನುವ ಸಂಬಳವೂ ಬಾಯಿಯವರಿಗೇ, ಶಾಪವೂ ಅವರಿಗೇ.

ಹೋದ ಶ್ರಾವಣದಲ್ಲಿ ಅಥಣಿಯ ಸಿಸ್ಟರ್ ಪಂಚಮಿಗೆ ರಜೆ ಕೇಳಲು ಹೋದಳು. ಹೊಸದಾಗಿ ಮದುವೆಯಾದವಳು, ಅಣ್ಣ ಕರೆಯಲು ಬರುವವನಿದ್ದ. ಮರಾಠಿ ಮೇಟ್ರನ್ ಆಗಿದ್ದರೆ ನಾಗಪಂಚಮಿಗೇಕೆ ಊರು ಎಂದು ಕೇಳಿ ಮುಗಿಸುತ್ತಿದ್ದರೋ ಏನೋ. ನಮ್ಮ ಬಾಯಿಯವರಿಗೆ ಎಲ್ಲ ಗೊತ್ತು, ಅದೇ ತೊಂದರೆ. ಬೇವಿನ ಮರದ ಜೋಕಾಲಿ, ಹಿಂದಿನ ದಿನದ ರೊಟ್ಟಿ ಹಬ್ಬ, ಶೇಂಗಾ ಉಂಡಿ, ಎಳ್ಳುಂಡಿ, ತಮ್ಮ ಅಣ್ಣ ಚಕ್ಕಡಿ ಹೂಡಿಕೊಂಡು ಬರುತ್ತಿದ್ದದ್ದು, ಅರ್ಧ ಗಂಟೆ ಬಣ್ಣಿಸಿದರು. ಇಬ್ಬರೂ ಅತ್ತರು. ಹೊರಗೆ ಬಂದ ಮೇಲೆ ಹುಡುಗಿಗೆ ನೆನಪಾಯಿತು, ಅರ್ಜಿಗೆ ಸಹಿ ಆಗಿಲ್ಲ.

ಅದೇ ವಾರ ಎಚ್‌ಆರ್‌ನಿಂದ ಬಾಯಿಯವರಿಗೇ ಪತ್ರ ಬಂತು: ನಿಮ್ಮ ಖಾತೆಯಲ್ಲಿ 45 ತುಂಬಿದೆ, ಬಳಸಿಕೊಳ್ಳಿ. ಬೇರೆ ದಾರಿಯಿಲ್ಲದೆ ಐದು ದಿನ ಬರೆದು, ಚಾರ್ಜನ್ನು ಅಥಣಿಯವಳಿಗೇ ಒಪ್ಪಿಸಿ ನಿಪ್ಪಾಣಿಗೆ ಹೋದರು. ಮರುದಿನ ಸಂಜೆಗೇ ಉಂಡಿ ಡಬ್ಬಿ ಹಿಡಿದು ವಾಪಸ್. “ಮನ್ಯಾಗ ಎಲ್ಲಾರೂ ಆರಾಮ ಅದಾರ, ನಾ ಮಾಡೂದೇನೈತಿ?”

ಚಾರ್ಟ್ ತೆಗೆದು ನೋಡಿದರು. ಅಥಣಿಯವಳ ಚೌಕದಲ್ಲಿ ಮೂರು ದಿನದ ರಜೆ ನೀಲಿ ಪೆನ್ನಿನಲ್ಲಿತ್ತು, ಕೆಳಗೆ ಅವಳದೇ ಸಹಿ, ‘ಹಂಗಾಮಿ ಇನ್‌ಚಾರ್ಜ್’ ಎಂದು. ಅವಳ ಬಸ್ಸು ಆಗಲೇ ಸ್ವಾರಗೇಟ್ ಬಿಟ್ಟಿತ್ತು. ಬಾಯಿಯವರು ರಬ್ಬರ್ ತೆಗೆದುಕೊಂಡು, ಕೆಳಗಿಟ್ಟು, ನರ್ಸಿಂಗ್ ಸ್ಟೇಷನ್ನಿನ ಮಂದಿಗೆಲ್ಲ ಒಂದೊಂದು ಉಂಡಿ ಹಂಚಿದರು. ಸಂಜೆ ಸ್ಟೋರಿಗೆ ಇಂಡೆಂಟ್ ಹೋಯಿತು: ವೈಟ್ನರ್, ಎರಡು ಬಾಟಲಿ.