ವಿಕ್ಟೋರಿಯಾಕಾಲೀನ ಅಂತರ್ವಸ್ತ್ರಶಾಸ್ತ್ರ ಪ್ರವೇಶಿಕೆ

ವಿಕ್ಟೋರಿಯಾ ರಾಣಿಯ ಕಾಲದ (1837–1901) ಇಂಗ್ಲೆಂಡಿನ ಹೆಂಗಸರ ಒಳಉಡುಪುಗಳನ್ನು ಇಂದು ತಿಂಗಳುಗಟ್ಟಲೆ ಕೂತು ಹೊಲಿದು, ಒಂದರ ಮೇಲೊಂದು ತೊಟ್ಟು, ಯಾರಿಗೂ ಕಾಣದಂತೆ ಮುಚ್ಚಿಕೊಳ್ಳುವ ವಿದ್ಯೆಗೆ ಅಂತರ್ವಸ್ತ್ರಶಾಸ್ತ್ರವೆಂದು ಹೆಸರು. ಈ ಶಾಸ್ತ್ರದಲ್ಲಿ ಗೌನು ಗೌಣ. ಅದರ ಅಳತೆಯನ್ನು ಬರಿಯ ಮೈಮೇಲೆ ತೆಗೆಯುವಂತಿಲ್ಲ. ಸೊಂಟ ಬಿಗಿಯುವ ಒಳಕವಚವಾದ ಕಾರ್ಸೆಟ್ ತೊಟ್ಟ ಮೇಲೆಯೇ ಟೇಪು ಹಿಡಿಯಬೇಕು. ಒಳಗಿನದನ್ನು ಮುಗಿಸದೆ ಹೊರಗಿನ ಬಟ್ಟೆಗೆ ಕತ್ತರಿ ಹಾಕಿದವರು ಅದನ್ನು ಎರಡು ಸಲ ಹೊಲಿಯುತ್ತಾರೆ.

ಧಾರಣಕ್ರಮ ಹೀಗಿದೆ. ಮೊದಲು ಶಿಮ್ಮೀಸ್, ಅಂದರೆ ಕನ್ನಡದ ಮನೆಗಳಲ್ಲಿ ಹುಡುಗಿಯರು ಫ್ರಾಕಿನೊಳಗೆ ತೊಡುತ್ತಿದ್ದುದರ ಮುತ್ತಜ್ಜಿ. ಬೆವರು ಹೀರಿ, ಒಗೆಯಲು ಬಾರದ ಕಾರ್ಸೆಟ್ಟನ್ನು ಕಾಪಾಡುವುದು ಇದರ ಧರ್ಮ. ಆಮೇಲೆ ಡ್ರಾಯರು ಎಂಬ ಚಡ್ಡಿ, ಕಾಲುಚೀಲ, ಬೂಟು. ಬೂಟು ಒಳಉಡುಪು ಹೇಗಾದೀತು ಎಂಬ ಆಕ್ಷೇಪವುಂಟು. ಕಾರ್ಸೆಟ್ ಬಿಗಿದವಳು ಬಗ್ಗಿ ಬೂಟಿನ ಗುಂಡಿ ಹಾಕಲಾರಳು. ಆದ್ದರಿಂದ ಕ್ರಮದೃಷ್ಟಿಯಿಂದ ಬೂಟೂ ಒಳಉಡುಪೇ ಎಂದು ಸಿದ್ಧಾಂತ.

ಕಾರ್ಸೆಟ್ಟಿನ ವಿಷಯದಲ್ಲಿ ಪೂರ್ವಪಕ್ಷಗಳು ಹೇರಳ. ಅದರೊಳಗಿನದು ತಿಮಿಂಗಿಲದ ಮೂಳೆ ಎಂಬುದು ಮೊದಲನೆಯದು. ಅದು ಮೂಳೆಯಲ್ಲ, ತಿಮಿಂಗಿಲ ತನ್ನ ಬಾಯಲ್ಲಿ ಆಹಾರ ಸೋಸಿಕೊಳ್ಳುವ, ನಮ್ಮ ಉಗುರಿನ ಜಾತಿಗೆ ಸೇರಿದ ಪಟ್ಟಿ. ಇಂದಿನ ಸಾಧಕರು ಉಕ್ಕಿನ ಇಲ್ಲವೇ ಪ್ಲಾಸ್ಟಿಕ್ಕಿನ ಪಟ್ಟಿ ತುರುಕಿ ತಿಮಿಂಗಿಲವನ್ನು ಅದರ ಪಾಡಿಗೆ ಬಿಟ್ಟಿದ್ದಾರೆ. ನಾಯಕಿ ಕಂಬ ತಬ್ಬಿ ನಿಲ್ಲಬೇಕು, ದಾಸಿ ಹಿಂದಿನಿಂದ ಉಸಿರುಗಟ್ಟುವಂತೆ ಎಳೆಯಬೇಕು ಎಂಬುದು ಎರಡನೆಯದು. ಇದಕ್ಕೆ ಪ್ರಮಾಣ ಸಿನಿಮಾ. ಮುಂಭಾಗದಲ್ಲಿ ಉಕ್ಕಿನ ಕೊಂಡಿಗಳು ಬಂದ ಮೇಲೆ ಹೆಂಗಸರು ತಾವೇ ತೊಟ್ಟು, ಬೆನ್ನ ಹಿಂದೆ ಸೊಂಟದ ಬಳಿಯ ದಾರದ ಕುಣಿಕೆಗಳನ್ನು ತಾವೇ ಎಳೆದುಕೊಳ್ಳುತ್ತಿದ್ದರು. ಸೊಂಟ ಸಣ್ಣದಾಗಲೆಂದು ಪಕ್ಕೆಲುಬು ತೆಗೆಸಿಕೊಳ್ಳುತ್ತಿದ್ದರೆಂಬ ಮೂರನೆಯದಕ್ಕೆ ಸಿನಿಮಾದಷ್ಟು ಆಧಾರವೂ ಇಲ್ಲ.

ಕಾರ್ಸೆಟ್ಟಿನ ಮೇಲೆ, 1850ರ ದಶಕದ ಮೊದಲ ಭಾಗದವರೆಗೂ, ಲಂಗದ ಮೇಲೆ ಲಂಗ. 1856ರಲ್ಲಿ, ಆ ಲಂಗಗಳ ಬದಲು ಗೌನನ್ನು ಉಬ್ಬಿಸಿ ಹಿಡಿಯುವ ಉಕ್ಕಿನ ಬಳೆಗಳ ಕ್ರಿನೊಲಿನ್ ಪಂಜರಕ್ಕೆ ಪೇಟೆಂಟ್ ದೊರೆತು, ಕಾಲುಗಳಿಗೆ ಆಡಲು ಜಾಗ ಸಿಕ್ಕಿತು. ಪಂಜರದಿಂದ ಬಿಡುಗಡೆ ಬಂದ ಉದಾಹರಣೆಗಳು ಅಪರೂಪ. ಆದರೆ ಅಷ್ಟಗಲದ ಬಟ್ಟೆ ಬೆಂಕಿಗೂಡಿಗೆ ತಗಲಿ ಅನೇಕರು ಸುಟ್ಟು ಸತ್ತರು. ಅದು ನಗುವ ವಿಷಯವಲ್ಲ. ಮುಂದೆ ಉಬ್ಬೆಲ್ಲ ಹಿಂದಕ್ಕೆ ಸರಿದು ಬಸಲ್ ಆಯಿತು. ಅದನ್ನು ಕಟ್ಟಿಕೊಂಡು ಕುರ್ಚಿಗೆ ಒರಗುವ ಆಸೆ ಬಿಡಬೇಕು.

ಹೆಂಗಸರ ಉಡುಪನ್ನು ಸುಧಾರಿಸಲೆಂದು 1881ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ರ‍್ಯಾಷನಲ್ ಡ್ರೆಸ್ ಸೊಸೈಟಿ, ಬೂಟು ಬಿಟ್ಟು ಒಳಉಡುಪಿನ ತೂಕ 7 ಪೌಂಡು ಮೀರಬಾರದೆಂದು ವಿಧಿಸಿತು. ಅಂದರೆ ಮೂರು ಕಿಲೋಗೂ ತುಸು ಹೆಚ್ಚು. ಸುಧಾರಕರೇ ಇಷ್ಟು ಹೊತ್ತರೆ, ಸುಧಾರಣೆಗೆ ಒಪ್ಪದವರ ಭಾರವನ್ನು ಅನುಮಾನಪ್ರಮಾಣದಿಂದ ತಿಳಿಯತಕ್ಕದ್ದು.

ಕೊನೆಯದಾಗಿ, ಈ ಶಾಸ್ತ್ರದ ಬಗ್ಗೆ ಕೇಳಿದವರೆಲ್ಲ ಮೊದಲು ಕೇಳುವ, ಆದರೆ ದನಿ ತಗ್ಗಿಸಿ ಕೇಳುವ ಪ್ರಶ್ನೆ: ಇಷ್ಟೆಲ್ಲ ತೊಟ್ಟವರು ಶೌಚಕ್ಕೆ ಹೋಗುವುದು ಹೇಗೆ? ಉತ್ತರ ಡ್ರಾಯರಿನಲ್ಲಿದೆ. ಅದರ ಎರಡು ಕಾಲುಗಳು ಸೊಂಟಪಟ್ಟಿಯಲ್ಲಿ ಮಾತ್ರ ಕೂಡುತ್ತವೆ. ನಡುವೆ ಹೊಲಿಗೆ ಇಲ್ಲ. ಬಿಚ್ಚುವ, ಇಳಿಸುವ ಗೋಜಿಲ್ಲದೆ ಲಂಗ ಎತ್ತಿದರಾಯಿತು. ರಾಣಿಯದೆನ್ನಲಾದ, 45 ಇಂಚು ಸೊಂಟದ ಡ್ರಾಯರೊಂದು 2015ರಲ್ಲಿ ಹರಾಜಾಗಿರುವುದರಿಂದ ಈ ಪ್ರಶ್ನೆಯಿಂದ ಸಿಂಹಾಸನಕ್ಕೂ ವಿನಾಯಿತಿ ಇರಲಿಲ್ಲವೆಂದು ತಿಳಿಯಬೇಕು. ಪೈಜಾಮ ಹೊಲಿದು ಪಳಗಿದ ಕೈ ಅಭ್ಯಾಸಬಲದಿಂದ ನಡುವಿನ ಸಂದನ್ನು ಮುಚ್ಚಿಬಿಡುವುದುಂಟು. ಇದಕ್ಕೆ ಪ್ರಾಯಶ್ಚಿತ್ತ, ಮನೆಯಿಂದ ಹೊರಡುವ ಮುನ್ನ ಆ ಹೊಲಿಗೆಯನ್ನು ಬಿಚ್ಚುವುದು.