ಹಳೆಪುಟ ಮೀಮಾಂಸೆ

ವಿಷಯ: ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬ ತನ್ನ ವೆಬ್‌ಸೈಟಿನಲ್ಲಿ ಬೆಲೆ ಏರಿಸುತ್ತಾನೆ ಎಂದುಕೊಳ್ಳಿ. ಮಕ್ತಲ್‌ನಿಂದ ಅಳಿಯನ ಫೋನು: ‘ಮಾವಾ, ಇನ್ನಾ ಹಳೆ ರೇಟೇ ಕಾಣಕತ್ತದ.’ ಗದ್ವಾಲದ ಗಿರಾಕಿ ಅದೇ ಬೆಲೆಗೆ ಸೀರೆ ಕೇಳುತ್ತಾನೆ. ತಿದ್ದಿದ್ದು ಎಲ್ಲಿ ಹೋಯಿತು?

ಪೂರ್ವಪಕ್ಷ: ಮತಗಳು ಮೂರು. ಪುನರಾರಂಭವಾದಿಗಳು ಫೋನು ಆಫ್ ಮಾಡಿ ಆನ್ ಮಾಡುತ್ತಾರೆ. ಸಿಗ್ನಲ್‌ವಾದಿಗಳು ಮಾಳಿಗೆ ಹತ್ತುತ್ತಾರೆ. ಆಸ್ತಿಕರು ಅಲಂಪುರದ ಜೋಗುಳಾಂಬೆಗೆ ಹರಕೆ ಹೊರುತ್ತಾರೆ. ಒಂದಲ್ಲ ಒಂದು ಸಲ ಮೂವರಿಗೂ ಫಲ ಸಿಕ್ಕಿದೆ. ಹಳೆ ನಕಲಿನ ಗಡುವು ಮುಗಿದ ಹೊತ್ತಿಗೆ ಯಾರು ಏನು ಮಾಡುತ್ತಿದ್ದರೋ ಕೀರ್ತಿ ಅವರದು.

ಐತಿಹಾಸಿಕ ಪ್ರಮಾಣ: ಈ ಸೀಮೆಗೆ ಹಳೆಪುಟ ಹೊಸದಲ್ಲ. 2014ರ ಜೂನ್ 2ರಂದು ರಾಜ್ಯ ಬದಲಾಗಿ ತೆಲಂಗಾಣವಾಯಿತು. ಮಹಬೂಬನಗರ ಜಿಲ್ಲೆಯಿಂದ 2016ರ ಅಕ್ಟೋಬರ್ 11ರಂದು ಗದ್ವಾಲ, 2019ರ ಫೆಬ್ರವರಿ 17ರಂದು ಮಕ್ತಲ್ ಸಮೇತ ನಾರಾಯಣಪೇಟೆ ಬೇರೆಯಾದವು. 2024ರಲ್ಲಿ ಹೊಸ ವಾಹನಗಳ ನಂಬರಿನಲ್ಲಿ ‘ಟಿಎಸ್’ ಹೋಗಿ ‘ಟಿಜಿ’ ಬಂತು. ಹಳೆಯವು ಹಳೆ ಅಕ್ಷರ ಹೊತ್ತೇ ಓಡುತ್ತಿವೆ.

ಸಿದ್ಧಾಂತ: ಪುಟ ನೇರವಾಗಿ ಬರುವುದಿಲ್ಲ. ಸರ್ವರಿನ ಕ್ಯಾಶೆ, ನಡುವೆ ಪುಟ ಹಂಚುವ ಸಿಡಿಎನ್ ಜಾಲ, ಕೊನೆಗೆ ಬ್ರೌಸರ್, ಪ್ರತಿಯೊಂದೂ ಒಂದು ನಕಲು ಇಟ್ಟುಕೊಳ್ಳುತ್ತದೆ. ನಕಲಿನ ಗಡುವು ಹೇಳುವ ‘ಮ್ಯಾಕ್ಸ್-ಏಜ್’ 86400 ಎಂದಿದ್ದರೆ ಅಷ್ಟು ಸೆಕೆಂಡು, ಅಂದರೆ ಒಂದು ಇಡೀ ದಿನ, ಬ್ರೌಸರ್ ಸರ್ವರನ್ನು ವಿಚಾರಿಸುವ ಗೋಜಿಗೇ ಹೋಗದಿರಬಹುದು. ಗಿರಾಕಿ ಸುಳ್ಳಾಡುತ್ತಿಲ್ಲ, ನಿನ್ನೆ ವ್ಯಾಪಾರಿಯೇ ಹೇಳಿದ ಬೆಲೆಯನ್ನು ಅವನ ಫೋನು ಇಂದು ಒಪ್ಪಿಸುತ್ತಿದೆ. ಬೆಲೆ ಹೊಸದಾಗಿ ಚಿತ್ರ ಹಳೆಯದಾದ ಮಿಶ್ರಪುಟವೂ ಉಂಟು, ಗದ್ವಾಲ್ ಸೀರೆಯ ಹತ್ತಿ ಒಡಲಿಗೆ ರೇಷ್ಮೆ ಅಂಚು ಕೂಡಿದಂತೆ. ಸೀರೆಯಲ್ಲಿ ಅದು ಕಲೆ, ಇಲ್ಲಿ ಜಗಳ.

ವಿಧಿ: ಒಂದು, ಇನ್‌ಕಾಗ್ನಿಟೊದಲ್ಲಿ ತೆರೆಯಿರಿ. ಅಲ್ಲಿ ಹೊಸದು ಕಂಡರೆ ದೋಷ ಬ್ರೌಸರಿನದು. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ. ಎರಡು, ಅಲ್ಲೂ ಹಳೆಯದೇ ಇದ್ದರೆ ಸರ್ವರಿನ ಕ್ಯಾಶೆಯನ್ನು ಮೊದಲು, ಸಿಡಿಎನ್‌ನದನ್ನು ಆಮೇಲೆ ಖಾಲಿ ಮಾಡಿ. ಕ್ರಮ ತಪ್ಪಿದರೆ ಸಿಡಿಎನ್ ಮತ್ತೆ ಹಳೆಯದನ್ನೇ ತುಂಬಿಕೊಳ್ಳುತ್ತದೆ. ಮೂರು, ಅದಕ್ಕೂ ಜಗ್ಗದಿದ್ದರೆ ತಿದ್ದಿದ ಮೇಲೆ ‘ಪಬ್ಲಿಷ್’ ಒತ್ತಿದಿರಾ, ನೋಡಿ.

ಆಕ್ಷೇಪ: ಮೂರನೆಯದೇ ಮೊದಲು ಬರಬೇಕಿತ್ತಲ್ಲ? ಸಮಾಧಾನ: ಬಂದಿದ್ದರೆ ಇಷ್ಟು ದೊಡ್ಡ ಶಾಸ್ತ್ರಕ್ಕೆ ಜಾಗವೆಲ್ಲಿ? ಆದ್ದರಿಂದ ಓದುವಾಗ ಮೇಲಿನಿಂದ ಓದಿ, ಮಾಡುವಾಗ ಕೆಳಗಿನಿಂದ ಶುರುಮಾಡಿ.